ಸೂರ್ಯಾಸ್ತದ ಕೆಳಗಿನ ಕಪ್ಪು ಕಲೆ

ಡ್ರೈವರು ಗೋಡೆಯಿಂದ ಇಳಿಸಿದ ಚೌಕಟ್ಟನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಅದರ ಬೆನ್ನಿಗೆ ಹೊಡೆದ ಮೊಳೆಗಳನ್ನು ತರಕಾರಿ ಚಾಕುವಿನ ತುದಿಯಿಂದ ಒಂದೊಂದಾಗಿ ಎಬ್ಬಿಸುತ್ತಿದ್ದ. ಅದೇ ಕೋಣೆಯಲ್ಲಿ, ಕುರ್ಚಿಗಳನ್ನು ಸರಿಸಿ ಮಾಡಿದ ಜಾಗದಲ್ಲಿ, ಬೆಳಿಗ್ಗೆ ಆಸ್ಪತ್ರೆಯಿಂದ ತಂದ ಅವನ ಹೆಂಡತಿಯ ದೇಹವಿತ್ತು.

"ಭಾವ, ಏನಿದು? ಬಂದವರೆಲ್ಲ ನೋಡ್ತಿದಾರೆ," ಎಂದಳು ಹೆಂಡತಿಯ ತಂಗಿ, ಅವನ ಕಿವಿಯ ಹತ್ತಿರ ಬಗ್ಗಿ.

"ಹಳೇದು ಇದರ ಹಿಂದೆ ಇರಬಹುದು."

"ಹಳೇದು ಯಾವುದು?"

ಅವನು ಮುಂದಿನ ಮೊಳೆಗೆ ಚಾಕು ಹಾಕಿದ. ಬೆಳಗಿನಿಂದ ಅವನು ಒಂದು ಕಡೆ ನಿಂತಿರಲಿಲ್ಲ. ಬಾಗಿಲಿಗೆ ಹೋಗಿ ಸ್ಮಶಾನದ ಗಾಡಿ ಬಂತೇ ಎಂದು ನೋಡುತ್ತಿದ್ದ, ಬರುತ್ತಿದ್ದ, ಗೋಡೆಯ ಮೇಲಿನ ಚಿತ್ರದ ಮುಂದೆ ನಿಲ್ಲುತ್ತಿದ್ದ, ಮತ್ತೆ ಬಾಗಿಲಿಗೆ ಹೋಗುತ್ತಿದ್ದ. ಕೊನೆಯ ಮೊಳೆ ಕಳಚಿ ರಟ್ಟು ಈಚೆ ಬಂತು. ರಟ್ಟಿನ ಹಿಂದೆ ಹೊಸ ಚಿತ್ರದ ಬಿಳಿ ಬೆನ್ನು ಮಾತ್ರ ಇತ್ತು.

ಸಮುದ್ರದ ಮೇಲೆ ಸೂರ್ಯ ಮುಳುಗುವ ಚಿತ್ರ ಅದು. ಅವನ ಹೆಂಡತಿ ಒಂದು ಫೋಟೋ ಲ್ಯಾಬಿನಲ್ಲಿ ಚಿತ್ರ ತಿದ್ದುವ ಕೆಲಸಕ್ಕಿದ್ದಳು. ಮದುಮಗಳ ಮೊಡವೆ, ಅಜ್ಜಂದಿರ ಕನ್ನಡಕದ ಹೊಳಪು, ಮಧ್ಯೆ ಬಂದ ವಿದ್ಯುತ್ ಕಂಬ, ಎಲ್ಲವೂ ಅವಳ ಸಣ್ಣ ಕುಂಚದ ಕೆಳಗೆ ಮಾಯವಾಗುತ್ತಿದ್ದವು. ಅವಳು ತೆಗೆದು ಅವಳೇ ತಿದ್ದಿದ ಈ ಸೂರ್ಯಾಸ್ತವನ್ನು ಲ್ಯಾಬಿನವರು ಒಂದು ವರ್ಷ ಕ್ಯಾಲೆಂಡರಿಗೆ ಹಾಕಿದ್ದರು. ತಿದ್ದಿದ ಆ ಪ್ರತಿ ಅಂದಿನಿಂದ ನಿನ್ನೆಯವರೆಗೆ ಈ ಗೋಡೆಯ ಮೇಲಿತ್ತು.

"ಆ ಕ್ಯಾಲೆಂಡರು ಊರೆಲ್ಲ ತೂಗಾಡಿತ್ತು ಕಣಮ್ಮ," ಎನ್ನುತ್ತಿದ್ದ ಲ್ಯಾಬಿನ ಯಜಮಾನ, ಪಕ್ಕದ ಮನೆಯವಳಿಗೆ. "ಕ್ಷೌರದಂಗಡಿ, ಬ್ಯಾಂಕು, ಹಲ್ಲಿನ ಡಾಕ್ಟರ ಹತ್ರ. ಆದ್ರೆ ಕೆಳಗೆ ಮರಳಿನ ಮೇಲೆ ಒಂದು ಕಪ್ಪು ಕಲೆ! ಎಣ್ಣೆ ಚೆಲ್ಲಿದ ಹಾಗೆ. ಅಚ್ಚಾಗಿ ಬಂದಮೇಲೆ ಕಣ್ಣಿಗೆ ಬಿತ್ತು. ಜೀವಮಾನದಲ್ಲಿ ಅವಳು ಮಾಡಿದ ತಪ್ಪು ಅದೊಂದೇ. ಕೊನೇವರೆಗೂ ರೇಗಿಸ್ತಿದ್ದೆ ನಾನು."

"ಈಗ ಆ ಕಲೆ ಇಲ್ಲ ಬಿಡಿ ಅಂಕಲ್," ಎಂದಳು ಮಗಳು. ಲೋಟಗಳ ತಟ್ಟೆ ಹಿಡಿದು ಒಳಗಿನಿಂದ ಬಂದವಳು ತಂದೆಯ ತೊಡೆಯ ಮೇಲೆ ಬಿಚ್ಚಿ ಬಿದ್ದ ಚೌಕಟ್ಟನ್ನು ಕಂಡು ನಿಂತಳು. "ಅಪ್ಪ! ನಿನ್ನೆ ದಿನವೆಲ್ಲ ಕೂತು ಮಾಡಿದ್ದು ಅದು!"

ಮಾರಾಟಕ್ಕಿರುವ ಮನೆಗಳ ಚಿತ್ರ ತಿದ್ದುವುದು ಮಗಳ ಉದ್ಯೋಗ. ಕತ್ತಲೆ ಕೋಣೆಗೆ ಬೆಳಕು ಕೊಡುತ್ತಿದ್ದಳು, ಮಬ್ಬು ಆಕಾಶಕ್ಕೆ ನೀಲಿ. ನಿನ್ನೆ ತಾಯಿಯ ಸೂರ್ಯಾಸ್ತವನ್ನು ಕಂಪ್ಯೂಟರಿಗೇರಿಸಿ ಬಣ್ಣ ಹೆಚ್ಚಿಸಿದ್ದಳು, ಕೊಂಚ ವಾಲಿದ್ದ ದಿಗಂತವನ್ನು ನೇರ ಮಾಡಿದ್ದಳು, ಚುಕ್ಕೆಗಳನ್ನು ಒರೆಸಿದ್ದಳು, ಕೊನೆಗೆ ಆ ಕಲೆಯನ್ನೂ. ಬಂದವರು ಯಾರೂ ಇವತ್ತು ಅಮ್ಮನ ತಪ್ಪು ಎಂದು ಬೆರಳು ತೋರಿಸಬಾರದೆಂಬುದು ಅವಳ ಆಸೆ.

"ಹಳೇದೆಲ್ಲಿ?" ಎಂದ ಡ್ರೈವರು.

"ಗಾಜಿಗೆ ಅಂಟಿಕೊಂಡಿತ್ತಪ್ಪ. ಸ್ಕ್ಯಾನ್ ಮಾಡಿಕೊಂಡು, ಆಮೇಲೆ ಬಿಡಿಸೋಕೆ ಹೋದೆ. ಸಿಪ್ಪೆ ಸುಲಿದ ಹಾಗೆ ಕಿತ್ತು ಬಂತು. ಗಾಜಿನ ಸಮೇತ ಎಸೆದುಬಿಟ್ಟೆ."

ಅವನು ಎದ್ದ. ಚೌಕಟ್ಟು ನೆಲಕ್ಕೆ ಜಾರಿತು.

"ಎಸೆದೆ."

"ಪೂರ್ತಿ ಬಣ್ಣ ಹೋಗಿತ್ತು ಅದು! ಆ ಕಲೆ ಬೇರೆ..."

"ಕಲೆಯಲ್ಲ ಕಣೇ ಅದು," ಎಂದ. "ನಾನು."

ಲ್ಯಾಬಿನ ಯಜಮಾನ ಬಾಯಿಗೊಯ್ದಿದ್ದ ಲೋಟವನ್ನು ಕೆಳಗಿಳಿಸಿದ.

*

ಮದುವೆಯಾದ ಹೊಸದು. ಲ್ಯಾಬಿನ ಕ್ಯಾಮೆರಾ ಎರವಲು ತಂದು ಅವಳು ಅವನನ್ನು ಸಮುದ್ರಕ್ಕೆ ಎಳೆದುಕೊಂಡು ಹೋಗಿದ್ದಳು. ಅಲೆ ಹಿಂದೆ ಸರಿದ ಒದ್ದೆ ಮರಳಿನಲ್ಲಿ ಅವನನ್ನು ಕೂರಿಸಿ, ತನ್ನ ಚಪ್ಪಲಿಗಳನ್ನು ಕೈಗೆ ಕೊಟ್ಟು, ಬರಿಗಾಲಲ್ಲಿ ಹಿಂದೆ ಹಿಂದೆ ಹೋದಳು.

"ಅಲ್ಲಾಡಬೇಡ!"

"ಬಟ್ಟೆ ನೆನೀತಿದೆ ಮಾರಾಯ್ತಿ!"

"ನೆನೀಲಿ. ಡ್ರೈವರಿಗೆ ಸುಮ್ನೆ ಕೂರೋದು ಬರುತ್ತೋ ಇಲ್ವೋ ನೋಡೋಣ."

ಮುಳುಗುವ ಸೂರ್ಯ ಅವನ ಬೆನ್ನಿಗಿದ್ದ. ಚಿತ್ರದಲ್ಲಿ ಅವನು ಒಂದು ಕಪ್ಪು ಆಕಾರವಾಗಿ ಬಂದ, ಅವನ ನೆರಳು ಮರಳಿನ ಮೇಲೆ ಉದ್ದಕ್ಕೆ ಅವಳತ್ತ ಚಾಚಿತ್ತು.

ಲ್ಯಾಬಿನ ಯಜಮಾನನಿಗೆ ಚಿತ್ರ ಹಿಡಿಸಿತು, ಮನುಷ್ಯ ಹಿಡಿಸಲಿಲ್ಲ. "ಮನುಷ್ಯ ಇದ್ರೆ ಜನ ಅವನನ್ನೇ ನೋಡ್ತಾರೆ, ತಾರೀಖು ನೋಡಲ್ಲ. ಅದ್ಯಾವನೋ, ಅವನನ್ನ ತೆಗೆದುಹಾಕು," ಎಂದ. ಯಾವನೆಂದು ಅವಳೂ ಹೇಳಲಿಲ್ಲ. ದೊಡ್ಡ ಪ್ರತಿಯೊಂದನ್ನು ಮನೆಗೆ ತಂದು, ಕಪ್ಪು ಆಕಾರದ ಮೇಲೆ ನೀರಿನ ಬಣ್ಣ, ಬೆಳಕಿನ ಬಣ್ಣ, ಮರಳಿನ ಬಣ್ಣಗಳ ಚುಕ್ಕಿಯಿಡುತ್ತ ಗಂಡನನ್ನು ಅಳಿಸತೊಡಗಿದಳು. ಕುಂಚ ಮೊನಚಾಗಲೆಂದು ಅದನ್ನು ನಾಲಿಗೆಯ ತುದಿಗೆ ಮುಟ್ಟಿಸುವುದು ಅವಳ ಅಭ್ಯಾಸ. ಹಾಗಾಗಿ ಅವಳ ನಾಲಿಗೆಯ ತುದಿ ಯಾವಾಗಲೂ ಬೂದು.

ಅವನು ಕೆಲಸ ಮುಗಿಸಿ ಬಂದು ಕೇಳುತ್ತಿದ್ದ: "ಇವತ್ತು ಎಷ್ಟು ಉಳಿದಿದೀನಿ?"

"ಸೊಂಟದಿಂದ ಕೆಳಗೆ."

"ತಲೆ ಹೋಯ್ತಾ ಹಾಗಾದ್ರೆ?"

"ಅದು ಮೊದಲಿಂದ್ಲೂ ಇರಲಿಲ್ಲವಲ್ಲ."

ಕ್ಯಾಲೆಂಡರು ಬಂದ ದಿನ ಅವನು ಅದರಲ್ಲಿ ನೆರಳು ಕಂಡ. ಕೂತವನಿಲ್ಲ, ಅವನ ನೆರಳಿದೆ. "ಇದನ್ನ ಅಳಿಸೋದು ಮರೆತೆಯೇನೇ?" ಎಂದ. ಅವಳು ಬೇರೆ ಯಾರದೋ ಮದುವೆಯ ಚಿತ್ರದ ಮೇಲೆ ಬಗ್ಗಿದ್ದಳು. ಕುಂಚವನ್ನು ನಾಲಿಗೆಗೆ ಮುಟ್ಟಿಸಿ, "ಹೌದಾ? ಗಮನಿಸಲಿಲ್ಲ," ಎಂದಳು.

ಕೋಣೆಯ ಆ ತುದಿಯಿಂದ ಚಿತ್ರದ ಮೇಲಿನ ಒಂದು ಕೂದಲನ್ನು ಗುರುತಿಸುವವಳು. ಗಮನಿಸಲಿಲ್ಲವೇ, ಉಳಿಸಿದಳೇ? ಇನ್ನೊಮ್ಮೆ ಕೇಳಬೇಕೆಂದುಕೊಳ್ಳುತ್ತಲೇ ಅವನ ಹಲ್ಲು ಬಿದ್ದವು, ನಿವೃತ್ತಿಯಾಯಿತು. ಕೇಳಿದರೆ ನಿಜವಾಗಿಯೂ ಮರೆತಿದ್ದೆ ಎಂದುಬಿಟ್ಟರೆ ಎಂಬ ಅಳುಕೂ ಇತ್ತು.

*

"ನನಗ್ಯಾಕೆ ಯಾರೂ ಹೇಳಲಿಲ್ಲ?" ಎಂದಳು ಮಗಳು. ಸಿಟ್ಟೋ ಅಳುವೋ ಅವಳಿಗೇ ಗೊತ್ತಿರಲಿಲ್ಲ.

"ಏನಂತ ಹೇಳಲಿ? ನನ್ನ ಹೆಂಡ್ತಿ ಬೇಕಂತಲೇ ನನ್ನ ನೆರಳು ಉಳಿಸಿದಾಳೆ ಅಂತಲಾ? ನನಗೇ ಖಾತ್ರಿಯಿಲ್ಲ." ಅವನು ಕಿಟಕಿಗೆ ಹೋದ, ಬಂದ. "ಇದ್ದಿದ್ರೆ ದಿನಾ ನೋಡ್ತಾ ಇರ್ತಿದ್ದೆ. ಈಗ ಅದೂ ಹೋಯ್ತು."

"ಭಾವ, ಗಾಡಿ ಬರೋ ಹೊತ್ತಾಯ್ತು..."

"ಬರಲಿ, ಕಾಯಲಿ. ನಾನೆಷ್ಟು ಜನಕ್ಕೆ ಕಾದಿಲ್ಲ!"

ಮಗಳು ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟಳು. ತಿದ್ದುವ ಮೊದಲಿನ ಸ್ಕ್ಯಾನ್ ಅದರಲ್ಲಿತ್ತು. ವರ್ಷಗಳ ಬೆಳಕಿಗೆ ಚಿತ್ರದ ನೀಲಿ ಸತ್ತು ಎಲ್ಲವೂ ಇಟ್ಟಿಗೆಯ ಕೆಂಪಿಗೆ ತಿರುಗಿತ್ತು. ನೀರಿನ ಅಂಚಿನಲ್ಲಿ ತಣ್ಣನೆಯ ಬೂದು ಚುಕ್ಕೆಗಳ ಒಂದು ಗುಂಪು. ನಿನ್ನೆ ಅವಳು ಅವನ್ನು ಬೂಷ್ಟು ಎಂದುಕೊಂಡು ಒರೆಸಿಹಾಕಿದ್ದಳು. ಈಗ ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು, ಆಮೇಲೆ ಕೈ ತೆಗೆದಳು.

"ಅಪ್ಪ, ಇಲ್ಲಿ ಬಾ."

"ಏನು?"

"ಫೋಟೋದ ಬಣ್ಣ ಮಾಸಿದೆ. ಅಮ್ಮ ಹಚ್ಚಿದ ಬಣ್ಣ ಮಾಸಿಲ್ಲ. ಅದು ಬೇರೆ ಜಾತಿಯದು. ಅವತ್ತು ಎರಡೂ ಒಂದೇ ಥರ ಕಂಡಿರಬೇಕು. ಈಗ ಅವಳು ಮುಟ್ಟಿದ ಜಾಗವೆಲ್ಲ ಬೇರೆಯಾಗಿ ಎದ್ದು ಕಾಣ್ತಿದೆ. ನೋಡು."

ಅವನು ಬಗ್ಗಿ ನೋಡಿದ. ಚುಕ್ಕೆಗಳು ಭುಜವಾಗಿದ್ದವು, ಬಾಗಿದ ಬೆನ್ನಾಗಿದ್ದವು, ಮಡಿಸಿದ ಮೊಣಕಾಲಾಗಿದ್ದವು. ಅವಳು ಎಲ್ಲೆಲ್ಲಿ ಅವನನ್ನು ಅಳಿಸಿದ್ದಳೋ ಅಲ್ಲಲ್ಲಿ ಅವನು ಕೂತಿದ್ದ.

"ನೆರಳು?" ಎಂದ.

"ನೆರಳಿನ ಮೇಲೆ ಒಂದು ಚುಕ್ಕಿಯೂ ಇಲ್ಲ. ಇಲ್ನೋಡು, ಅಂಚಿನ ತನಕ ಕುಂಚ ಬಂದಿದೆ. ಬಂದು, ಸುತ್ತಿಕೊಂಡು ಹೋಗಿದೆ. ಇಷ್ಟು ನಾಜೂಕಾಗಿ ಯಾರೂ ಮರೆಯೋದಿಲ್ಲಪ್ಪ."

ಲ್ಯಾಬಿನ ಯಜಮಾನ ಜೇಬಿನಿಂದ ಕನ್ನಡಕ ತೆಗೆದ, ಹಾಕಿಕೊಳ್ಳದೆ ಮತ್ತೆ ಜೇಬಿಗಿಟ್ಟ. "ಎಷ್ಟು ರೇಗಿಸಿದೆ ನಾನು," ಎಂದ. "ಒಂದು ದಿನವೂ ಬಾಯಿ ಬಿಡಲಿಲ್ಲವಲ್ಲ, ಪುಣ್ಯಾತ್ಗಿತ್ತಿ."

ಮಗಳು ಹೊಸ ಚಿತ್ರವನ್ನು ನೆಲದಿಂದೆತ್ತಿ ಮೇಜಿನ ಮೇಲೆ ಹರಡಿದಳು. ತಾಯಿಯ ಡಬ್ಬಿಯಿಂದ ಬಣ್ಣದ ಬಿಲ್ಲೆ ಮತ್ತು ಕುಂಚ ತಂದಳು. ಕಂಪ್ಯೂಟರಿನಲ್ಲಾದರೆ ನೆರಳನ್ನು ಮರಳಿ ತರುವುದು ಒಂದು ನಿಮಿಷದ ಕೆಲಸ. ಆದರೆ ಅಚ್ಚು ಹಾಕುವ ಅಂಗಡಿ ದೂರ, ಗಾಡಿ ಹತ್ತಿರ.

"ಅಪ್ಪ, ಬೆಳಕಿಗೆ ಅಡ್ಡ ಬರ್ತಿದೀಯ. ಎಲ್ಲಾದ್ರೂ ಕೂತ್ಕೋ."

ಅವನು ಬಾಗಿಲ ತನಕ ಹೋದ. ಅಲ್ಲಿ ಹೆಂಡತಿಯ ಚಪ್ಪಲಿಗಳಿದ್ದವು. ಎತ್ತಿಕೊಂಡು ಬಂದು, ಮೇಜಿನ ಕಾಲಿಗೆ ಒರಗಿ, ಮಲಗಿದ್ದ ಹೆಂಡತಿಗೆ ಎದುರಾಗಿ ನೆಲದ ಮೇಲೆ ಕೂತ. ಮೊಣಕಾಲು ಮಡಿಸಿದ. ಚಪ್ಪಲಿಗಳು ಕೈಯಲ್ಲೇ ಇದ್ದವು.

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಅವನ ಮೈ ತಾನಾಗಿ ಏಳಹೊರಟಿತು. ಮೇಜು ನಡುಗಿತು.

"ಅಲ್ಲಾಡಬೇಡ," ಎಂದಳು ಮಗಳು, ಚಿತ್ರದಿಂದ ಕಣ್ಣು ತೆಗೆಯದೆ.

ಹಾರ್ನ್ ಮತ್ತೊಮ್ಮೆ ಕೂಗಿತು. ಡ್ರೈವರು ಅಲ್ಲಾಡಲಿಲ್ಲ. ಮಗಳು ಕುಂಚವನ್ನು ಕಪ್ಪು ಬಣ್ಣದಲ್ಲಿ ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿದಳು.