ಕೋಳಿಕಾಲಿನ ರಾಮೆನ್

ಹಿರಿಯೂರಿನ ಬಸ್ ನಿಲ್ದಾಣದ ಎದುರು ಯೋಗೇಶ ರಾಮೆನ್ ಅಂಗಡಿ ತೆರೆದ ದಿನ, ಅದರ ಘಮಕ್ಕೆ ದಾವಣಗೆರೆಗೆ ಹೊರಟಿದ್ದ ಬಸ್ಸುಗಳು ತಾವಾಗಿಯೇ ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದವು. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಕತ್ತು ಹೊರಳಿಸಿ ಇತ್ತ ಮೂಸಿದವು. ಇಷ್ಟನ್ನು ನಂಬದವರು ಮುಂದಿನದನ್ನು ಓದುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ.

ರಾಮೆನ್ ಅಂದರೆ ಜಪಾನಿನವರ ಶಾವಿಗೆ. ದಿನವಿಡೀ ಕುದಿಸಿದ ಸಾರಿನಲ್ಲಿ ಅದನ್ನು ಮುಳುಗಿಸಿ, ಮೇಲೆ ಅರ್ಧ ಮೊಟ್ಟೆ ಕೂರಿಸಿ ಕೊಡುತ್ತಾರೆ. ಯೋಗೇಶ ಅದನ್ನು ಬೆಂಗಳೂರಿನ ಒಂದು ಜಪಾನಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತ ಕಲಿತ. ಅವನ ಬಾಯಲ್ಲಿ ಕೇಳಿದರೆ, ಜಪಾನಿನವರಿಗೆ ಸಾರನ್ನು ಸೊರ್ರನೆ ಹೀರಲು ಕಲಿಸಿದ್ದೇ ಅವನು. ಊರಿಗೆ ಬಂದ ಮೇಲೆ ಊರಿನ ಹೊಟ್ಟೆಗಳಿಗೆ ತಕ್ಕ ಹಾಗೆ ಅಡುಗೆ ತಿದ್ದಿಕೊಂಡ. ಗೋಧಿ ಒಗ್ಗದವರಿಗೆ ರಾಗಿ ಶಾವಿಗೆ. ಮಾಂಸ ಮುಟ್ಟದವರಿಗೆ ಹುರುಳಿಕಟ್ಟಿನ ಸಾರು, ಮೊಟ್ಟೆಯ ಜಾಗದಲ್ಲಿ ಹುರಿದ ಅಣಬೆ. ಹೈಸ್ಕೂಲಿನಿಂದ ನಿವೃತ್ತರಾದ ದಾಕ್ಷಾಯಣಮ್ಮ ಮೇಡಂಗೆ ಬೆಳ್ಳುಳ್ಳಿಯ ನೆರಳೂ ಬೀಳದಂಥದ್ದು. ಮೂರು ಲೋಕದ ಪಥ್ಯಗಳಿಗೂ ಅಲ್ಲೊಂದು ಬಟ್ಟಲಿತ್ತು.

ಆ ಶುಕ್ರವಾರ ಮಧ್ಯಾಹ್ನ, ಅಲ್ಲಿ ಬಟ್ಟಲೇ ಇಲ್ಲದ ಮನುಷ್ಯ ಕಂಬಳಿ ಹೊದ್ದು ಒಳಗೆ ಬಂದ. ಯೋಗೇಶನ ತಾತ ಜುಂಜಯ್ಯ, ಹಟ್ಟಿಯ ದೇವರ ಪೂಜಾರಿ.

ಆ ಹಟ್ಟಿಯಲ್ಲಿ ಕುರಿಯುಂಟು, ಮೇಕೆಯುಂಟು, ಕೋಳಿ ಇಲ್ಲ; ದೇವರಿಗೆ ಅದು ಮೈಲಿಗೆ. ಸಾಕುವಂತಿಲ್ಲ, ತಿನ್ನುವಂತಿಲ್ಲ, ಮುಳ್ಳುಬೇಲಿ ದಾಟಿ ಅದರ ಪುಕ್ಕವೂ ಒಳಗೆ ಬರುವಂತಿಲ್ಲ. ಕೋಳಿ ಬೇಯಿಸುವ ಕೈಯವನೂ ಬರುವಂತಿಲ್ಲ. “ನನ್ನ ಹಂಡೇಲಿ ಬರೀ ಕುರಿ ಮೂಳೆ” ಎಂದು ಯೋಗೇಶ ಮನೆಯಲ್ಲಿ ಎದೆ ತಟ್ಟಿ ಹೇಳಿದ್ದ. ಮೊದಲು ಅದು ನಿಜವೂ ಆಗಿತ್ತು, ಮೊಟ್ಟೆ ಕೂಡ ಬಾತಿನದು. ಆದರೆ ಸಾರಿಗೆ ಅಂಟು ಬರಬೇಕಾದರೆ ಕೋಳಿಕಾಲೇ ಬೇಕು. ಅದನ್ನು ಹಾಕಲು ಶುರು ಮಾಡಿದ ಮೇಲೆ ಗಿರಾಕಿಗಳ ತುಟಿಗಳು ಎಷ್ಟು ಅಂಟುತ್ತಿದ್ದವೆಂದರೆ, ಲಾರಿ ಡ್ರೈವರುಗಳು ಹುಬ್ಬಳ್ಳಿ ಮುಟ್ಟುವ ತನಕ ಬಾಯಿ ತೆರೆಯಲಾಗದೆ ಬರೀ ಹಾರ್ನಿನಲ್ಲೇ ಮಾತಾಡುತ್ತಿದ್ದರು.

“ಭಾನುವಾರ ನಿನ್ ಮಗಳಿಗೆ ಹೆಸರಿಡೋದು,” ಎಂದ ಜುಂಜಯ್ಯ, ಬೆಂಚಿನ ಮೇಲೆ ಕೂರುತ್ತ. “ಅಪ್ಪ ಅನ್ನೋನು ಕಿವ್ಯಾಗೆ ಹೆಸರು ಹೇಳ್ಬೇಕು. ನಿನ್ ಹೆಂಡ್ತಿ ಯಶೋದಾ ಹೇಳಿ ಕಳ್ಸವ್ಳೆ. ಹಂಗೇ ನಿನ್ ಜಪಾನ್ ಶಾವಿಗೆ ಉಂಡು ಹೋಗಾಣ ಅಂತ ಬಂದೆ.”

ಯೋಗೇಶನ ಬೆನ್ನಿನ ಬೆವರು ವೇದಾವತಿ ಹೊಳೆಗಿಂತ ಜೋರಾಗಿ ಹರಿಯಿತು.

“ಏನ್ಲೇ ಇದು ವಾಸ್ನೆ?” ಜುಂಜಯ್ಯ ಮೂಗರಳಿಸಿದ. ಅದು ಜನ್ಮದಲ್ಲಿ ಕೋಳಿ ಬೆಂದದ್ದನ್ನು ಮೂಸದ ಮೂಗು.

“ಜಪಾನ್ ವಾಸ್ನೆ, ತಾತ.”

“ಚಂದಾಗೈತೆ. ಒಂದು ಬಟ್ಲು ಕೊಡು.”

“ನಿಂಗೆ ಹುರುಳಿಕಟ್ಟಿಂದು ಮಾಡ್ತೀನಿ.”

“ಹುರುಳಿ ಮನ್ಯಾಗಿಲ್ವೇನ್ಲೇ? ಅದಕ್ಕೆ ಬಸ್ ಹತ್ತಿ ಬರ್ಬೇಕಾ? ಆ ಡ್ರೈವರಪ್ಪ ಉಣ್ತಾವ್ನಲ್ಲ, ಅದು ಕೊಡು.”

“ಅದು ಖಾಲಿ ತಾತ.”

“ಹಂಡೆ ತುಂಬಾ ಐತೆ. ಇಲ್ಲಿಗೇ ಕಾಣ್ತೈತೆ.”

“ಅದು ನಾಳೇದು.”

“ನಾಳೇದು ಇವತ್ತು ಕೊಟ್ರೆ ಜಪಾನ್ನೋರು ಜೈಲಿಗೆ ಹಾಕ್ತಾರಾ?”

ಯೋಗೇಶ ಅಡುಗೆಮನೆಗೆ ನುಗ್ಗಿ ನಿಂತ. ಗೂಡಿನಂಥ ಕೋಣೆ. ಕಿಟಕಿಗೆ ಸರಳು, ಹೊರಹೋಗಲು ಒಂದೇ ಬಾಗಿಲು, ಅದರ ನೇರಕ್ಕೆ ತಾತ. ದುರ್ಗದ ಕೋಟೆಯ ಏಳೂ ಸುತ್ತು ದಾಟಿ ಒಳಗೆ ಬಂದ ಶತ್ರುವಿಗೂ ಇಷ್ಟು ಇಕ್ಕಟ್ಟಾಗಿರಲಿಕ್ಕಿಲ್ಲ. ಸಾರು ಕೊಟ್ಟರೆ ದೇವರನ್ನು ಮುಟ್ಟುವ ಕೈಗೆ ಕೋಳಿ ಉಣಿಸಿದಂತೆ. ನಿಜ ಹೇಳಿದರೆ ಭಾನುವಾರ ಮಗಳ ಕಿವಿಯ ಹತ್ತಿರಕ್ಕೂ ಹೋಗುವಂತಿಲ್ಲ. ಮಗಳ ಕಿವಿ ಹುಣಸೆ ಬೀಜದಷ್ಟಿತ್ತು. ಕೋಳಿಕಾಲು ಹಾಕತೊಡಗಿದ ಮೇಲೆ ಹಟ್ಟಿಗೆ ಹೋಗದ ಅವನು ಅದನ್ನು ಫೋನಿನಲ್ಲಿ ಮಾತ್ರ ನೋಡಿದ್ದ.

ಹುಟ್ಟಿದಾಗಿನಿಂದ ಮಾಡದ ಕೆಲಸವನ್ನು ಯೋಗೇಶ ಮಾಡಿದ. ಹೊರಗೆ ಬಂದು ನಿಜ ಹೇಳಿದ.

“ತಾತ, ಅದ್ರಾಗೆ ಕೋಳಿ ಐತೆ.”

ಜುಂಜಯ್ಯ ನಕ್ಕ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಮುಂದಿನ ತಿಂಗಳಿಗೆ ಮಗುಚಿತು. ಎದುರಿನ ಬೆಂಚಿನಲ್ಲಿ ಉಣ್ಣುತ್ತಿದ್ದ ದಾಕ್ಷಾಯಣಮ್ಮನ ಕಡೆ ತಿರುಗಿದ.

“ಕೇಳಿದ್ರಾ ಮೇಡಂ? ಚಂದ್ರವಳ್ಳಿ ಗವಿಯಾಗೆ ಚಿರತೆ ಕಿವಿ ಹಿಂಡಿದೋನು ಇವ್ನೇ. ಮಾರಿಕಣಿವೆ ಡ್ಯಾಮ್ನಾಗೆ ಎಮ್ಮೆಯಷ್ಟು ಮೀನು ಹಿಡ್ದೋನೂ ಇವ್ನೇ. ಈಗ ಒಂದು ಬಟ್ಲು ಸಾರು ಉಳ್ಸಕ್ಕೆ ಕೋಳಿ ಕಥೆ ಕಟ್ತಾವ್ನೆ!”

“ಸಣ್ಣೋನಿದ್ದಾಗಿಂದ ಹಿಂಗೇನಾ?” ದಾಕ್ಷಾಯಣಮ್ಮ ಕೇಳಿದರು.

“ಹುಟ್ಟಿದಾಗ ಅತ್ತಿದ್ದೂ ಸುಳ್ಳೇ.”

“ದೇವರಾಣೆ, ತಾತ!”

“ಆಣೆ ಇಡೋದು ನಿಂಗೆ ಉಸಿರಾಡಿದಂಗೆ. ಸರ್ಕೋ, ನಾನೇ ಬಗ್ಗಿಸ್ಕಂತೀನಿ.”

ಖಾಲಿ ಬಟ್ಟಲು ಹಿಡಿದು ಜುಂಜಯ್ಯ ಎದ್ದೇಬಿಟ್ಟ. ಯೋಗೇಶ ಬಾಗಿಲಿಗೆ ಎರಡೂ ಕೈ ಚಾಚಿದ. ಜೀವಮಾನವಿಡೀ ಕುರಿಮಂದೆಯಲ್ಲಿ ನುಸುಳಿದ ಮುದುಕ, ಕಂಕುಳಡಿ ತಲೆ ತೂರಿಸಿದ. ಇನ್ನೊಂದು ಗಳಿಗೆಯಾದರೆ ಸೌಟು ಅವನ ಕೈಯಲ್ಲಿ. ಯೋಗೇಶ ಹಿಂದಕ್ಕೆ ಹಾರಿ, ಒಲೆಯಿಂದ ಇಳಿಸಿ ಆರಲು ಬಿಟ್ಟಿದ್ದ ಹಂಡೆಗೆ ಹೆಗಲು ಕೊಟ್ಟು ಉರುಳಿಸಿದ.

ಮಾರಿಕಣಿವೆ ಕೋಡಿ ಬಿದ್ದಾಗಲೂ ಅಷ್ಟು ನೀರು ಹರಿದಿರಲಿಲ್ಲ. ಮೊದಲು ಬಂದದ್ದು ಒಂದು ಕೋಳಿಕಾಲು. ಬೆರಳುಗಳನ್ನು ಅಗಲಿಸಿಕೊಂಡು, ನಮಸ್ಕಾರ ಹೇಳುವ ಹಾಗೆ ತೇಲುತ್ತ ಹೊಸ್ತಿಲಿಗೆ ಬಂತು. ಅದರ ಹಿಂದೆ ದಂಡು ದಂಡಾಗಿ ಉಳಿದವು.

ಜುಂಜಯ್ಯ ಆಡಿನ ಹಾಗೆ ನೆಗೆದು ಬೆಂಚು ಹತ್ತಿ, ಪಂಚೆ ಮೇಲೆತ್ತಿ ಕುಕ್ಕರುಗಾಲಲ್ಲಿ ಕೂತ. ಎದುರಿನ ಬೆಂಚಿನ ಮೇಲೆ ದಾಕ್ಷಾಯಣಮ್ಮನೂ ಕಾಲೆತ್ತಿಕೊಂಡರು.

“ಬೆಳ್ಳುಳ್ಳಿ ಬೇಡ ಅಂದಿದ್ದೆ ಕಣಪ್ಪ ಯೋಗೇಶ. ಪ್ರವಾಹ ತಂದುಬಿಟ್ಯಲ್ಲ!”

ಯಾರೂ ನಗಲಿಲ್ಲ. ಬಾಗಿಲ ತನಕ ಸಾರು. ಜುಂಜಯ್ಯ ಕಾಲು ಕೆಳಗಿಡುವಂತಿಲ್ಲ. ಎತ್ತಿ ಆಚೆ ಬಿಡೋಣವೆಂದರೆ ಯೋಗೇಶ ಅವನನ್ನು ಮುಟ್ಟುವಂತಿಲ್ಲ.

“ನಿಜ ಹೇಳ್ದೆ, ತಾತ,” ಎಂದ ಯೋಗೇಶ.

“ಹೂಂ. ಈವತ್ತೇ ಹೇಳ್ಬೇಕಿತ್ತಾ?”

ಯೋಗೇಶ ನೆಲ ಬಳಿದ, ತೊಳೆದ, ಮತ್ತೆ ತೊಳೆದ. ಕೋಳಿಜಿಡ್ಡು ಬಿಡಲೊಲ್ಲದು. ಜುಂಜಯ್ಯ ಬೆಂಚಿನ ಮೇಲಿಂದ ನೋಡುತ್ತಲೇ ಇದ್ದ. ಕಡೆಗೆ ಅವನ ಹೊಟ್ಟೆ ಗುಡುಗಿತು. ಹೊಸದುರ್ಗದಲ್ಲಿ ಮಳೆ ಬಂತೆಂದು ಜನ ಒಣಹಾಕಿದ ಬಟ್ಟೆ ತೆಗೆದರಂತೆ.

“ಹುರುಳಿಕಟ್ಟು ಅಂದ್ಯಲ್ಲ. ಬೇರೆ ಪಾತ್ರೇದಾ?”

“ಮೇಡಮ್ಮೋರದೇ ಪಾತ್ರೆ. ಬೆಳ್ಳುಳ್ಳೀನೂ ಸೋಕಿಲ್ಲ.”

“ಈ ಸಲ ನಂಬ್ರಿ,” ಎಂದರು ದಾಕ್ಷಾಯಣಮ್ಮ. “ಅದನ್ನ ದಿನಾ ನಾನೇ ಬೆಳಗಿ ಕೊಡ್ತೀನಿ.”

ಅವರೇ ಸೀರೆ ಎತ್ತಿ ಕಟ್ಟಿ, ಒಲೆಯ ಮುಂದೆ ನಿಂತರು. ಯೋಗೇಶ ದೂರದಿಂದ ಹೇಳುತ್ತ ಹೋದ. ಅವರು ರಾಗಿ ಶಾವಿಗೆ ಹಬೆಯಲ್ಲಿ ಬೇಯಿಸಿ, ಹುರುಳಿಕಟ್ಟು ಹೊಯ್ದು, ಅಣಬೆ ಇಟ್ಟು ಕೊಟ್ಟರು. ಜುಂಜಯ್ಯ ಜಪಾನಿನವರ ಊಟದ ಕಡ್ಡಿಗಳನ್ನು ಪಕ್ಕಕ್ಕಿಟ್ಟು ಬೆರಳಲ್ಲೇ ಬಾಚಿದ. ಸೊರ್ರೆಂದು ಹೀರಿದ ಸದ್ದಿಗೆ ನಿಲ್ದಾಣದ ಬಸ್ಸೊಂದು ಟಯರ್ ಪಂಚರಾಯಿತೆಂದು ನಿಂತುಬಿಟ್ಟಿತು.

“ಭಾನುವಾರ ನೀನು ಬೇಲಿ ದಾಟಂಗಿಲ್ಲ,” ಎಂದ ಬಟ್ಟಲಿನಿಂದ ಮುಖವೆತ್ತದೆ. “ಈ ಹಂಡೆ ಇರೋ ತನಕ ದಾಟಂಗಿಲ್ಲ.”

ಯೋಗೇಶ ಒರೆಸುಬಟ್ಟೆ ಹಿಂಡುತ್ತ ನಿಂತ. ಹಂಡೆ ಹೋದರೆ ಅಂಗಡಿಯೂ ಹೋದಂತೆ.

“ಹೆಸರು, ತಾತ?”

“ಯಶೋದಾ ಕೂಸಿನ್ನ ಬೇಲಿತಾವ ತರ್ತಾಳೆ. ನೀನು ಆಚೆ ನಿಂತು ಕೂಗು. ನಿನ್ ಬಾಯಿ ಸಣ್ಣದಾ?”

ಯೋಗೇಶ ತಲೆಯಾಡಿಸಿದ. ಆಡಲು ಮಾತು ಹುಡುಕಿದ. ಅವನಿಗೆ ಮಾತು ಸಿಗದೇ ಇದ್ದದ್ದು ಅದೇ ಮೊದಲು, ಮತ್ತು ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ.

“ನೆಲ ಒಣಗ್ತಾ?” ಕೇಳಿದ ಜುಂಜಯ್ಯ.

“ಇನ್ನೂ ಇಲ್ಲ.”

ಮುದುಕ ಬಟ್ಟಲನ್ನು ದಾಕ್ಷಾಯಣಮ್ಮನ ಕಡೆಗೆ ಚಾಚಿದ. “ಹಂಗಾರೆ ಇನ್ನೊಂದೀಟು ಹಾಕ್ರಿ.”