ರಾಜಮಾಬಿಯ ಮೀನು, ಕಾರ್ಖಾನೆಯ ಬರ್ಫ

ದುಮ್ಮವಾಡದಲ್ಲಿ ಮೀನು ಬೇಕೆಂದರೆ ಜನ ರಾಜಮಾಬಿಯ ಹತ್ತಿರ ಹೋಗುತ್ತಿದ್ದರು. ಗಂಡ ದಾವೂದಸಾಬ ನಸುಕಿನಲ್ಲಿ ಎದ್ದು ಕೆರೆಗೆ ಬಲೆ ಬೀಸುತ್ತಿದ್ದ. ಸಿಕ್ಕದ್ದನ್ನು ಅವಳು ಬುಟ್ಟಿಗೆ ತುಂಬಿ, ಮೇಲೆ ಹಸಿ ಗೋಣಿತಟ್ಟು ಹೊದಿಸಿ, ಬೇವಿನ ಮರದ ಕೆಳಗೆ ಬಂದು ಕೂರುತ್ತಿದ್ದಳು. ಕೊಯ್ದು ಕೊಡುವುದಷ್ಟೇ ಅಲ್ಲ, ಕೇಳಿದವರಿಗೆ ಉಪ್ಪು, ಖಾರ, ಅರಿಷಿಣ ಸವರಿ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಹೊಲದಿಂದ ದಣಿದು ಬಂದ ಹೆಂಗಸರಿಗೆ ಇದು ಬಲು ಹಿತವಾಗಿತ್ತು. ಮನೆಗೆ ಒಯ್ದು ಹಂಚಿಗೆ ಹಾಕಿದರೆ ಮುಗಿಯಿತು.

ಎಂಬತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಅವಳ ಹೆಸರಿಗೆ ಮಸಿ ಬಿತ್ತು.

ಬಾಜು ಓಣಿಯ ಮೈಲಾರವ್ವನ ಮಗಳು ಫಕೀರವ್ವ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಮೀನು ತಿನ್ನಬೇಕೆಂದು ಅವಳಿಗೆ ಬಯಕೆ. ಮೈಲಾರವ್ವ ಕೂಲಿಗೆ ಹೋಗುವ ಮುಂಚೆ ರಾಜಮಾಬಿಗೆ ಹೇಳಿ ಹೋದಳು. ರಾಜಮಾಬಿ ಬುಟ್ಟಿಯಲ್ಲಿ ಇನ್ನೂ ಒದ್ದಾಡುತ್ತಿದ್ದ ಎರಡು ದಪ್ಪ ಮೀನು ಆರಿಸಿ, ಕೊಯ್ದು, ಮಸಾಲೆ ಸವರಿ ಇಟ್ಟಳು. ಮೈಲಾರವ್ವ ಬಂದು ಒಯ್ದದ್ದು ಇಳಿಹೊತ್ತಿಗೆ. ಉಂಡು ಸ್ವಲ್ಪ ಹೊತ್ತಿನಲ್ಲಿಯೇ ಮನೆಮಂದಿಗೆಲ್ಲ ವಾಂತಿ ಶುರುವಾಯಿತು. ಫಕೀರವ್ವ ಕಣ್ಣು ಮೇಲೆ ಮಾಡಿದಳು. ಚಕ್ಕಡಿ ಕಟ್ಟಿ ಕಲಘಟಗಿಯ ದವಾಖಾನೆಗೆ ಒಯ್ದರು. ಸಲಾಯಿನ್ ಹಚ್ಚಿದ ಮೇಲೆ ಜೀವ ಹಿಡಿಯಿತು. ಹೊಟ್ಟೆಯಲ್ಲಿದ್ದ ಕೂಸಿಗೂ ಏನೂ ಆಗಲಿಲ್ಲ.

ಊರು ಸುಮ್ಮನಿರಲಿಲ್ಲ. ಹಳಸಿದ ಮೀನು ಮಾರಿದಳು ಎಂದರು ಒಬ್ಬರು. ಕೆರೆಯ ನೀರೇ ಕೆಟ್ಟಿದೆ ಎಂದರು ಇನ್ನೊಬ್ಬರು. ಬಸುರಿಗೆ ದೃಷ್ಟಿಯಾಗಿದೆ ಎಂದರು ಮತ್ತೊಬ್ಬರು. ರಾಜಮಾಬಿ ಎಲ್ಲರೆದುರೂ ಆಣೆ ಮಾಡಿ ಹೇಳಿದಳು, ಅದು ಅವತ್ತು ಮುಂಜಾನೆ ಹಿಡಿದ ಮೀನು ಎಂದು. ಅದು ನಿಜವೇ ಆಗಿತ್ತು. ಆದರೂ ಯಾರೂ ಬುಟ್ಟಿಯ ಹತ್ತಿರ ಸುಳಿಯಲಿಲ್ಲ. ಮೈಲಾರವ್ವ ಜಗಳಕ್ಕೆ ಬರಲಿಲ್ಲ, ಬೈಯಲಿಲ್ಲ. ಎದುರು ಬಂದರೆ ಓಣಿಯ ಆಚೆ ಬದಿಗೆ ಸರಿದು ಹೋಗುತ್ತಿದ್ದಳು. ಬೈದಿದ್ದರೆ ರಾಜಮಾಬಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಸುದ್ದಿ ಕೇಳಿ ಮಗಳು ಶಮೀಮಾಬಿ ಬಂದಳು. ಅವಳನ್ನು ಕೊಟ್ಟದ್ದು ಅಂಕೋಲೆಯ ಕಡೆ. ಅಲ್ಲಿನ ಒಂದು ಮೀನಿನ ಕಾರ್ಖಾನೆಯಲ್ಲಿ ಅವಳಿಗೆ ಸೀಗಡಿ ಸುಲಿಯುವ ಕೆಲಸ. ತಾಯಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವಳು ಒಂದೇ ಮಾತು ಹೇಳಿದಳು.

“ನಮ್ಮ ಕಾರ್ಖಾನ್ಯಾಗಿನ ಮೀನ ಬರ್ಫದಾಗ ತಿಂಗಳಗಟ್ಟಲೆ ಇರತೈತಿ, ಹಡಗ ಹತ್ತಿ ಪರದೇಶಕ್ಕ ಹೋಗತೈತಿ, ತಿಂದವರಿಗೆ ಏನೂ ಆಗಂಗಿಲ್ಲ. ನಿನ್ನ ಮೀನ ಮುಂಜಾನಿ ಹಿಡದದ್ದು, ಸಂಜಿಗೆ ಮಂದಿನ ಮಲಗಿಸ್ತು. ಯಾಕಂತ ಒಮ್ಮಿ ನೋಡಬೇಕಲ್ಲೇನಮ್ಮಾ?”

ರಾಜಮಾಬಿಗೆ ಸಿಟ್ಟು ಬಂತು. “ಬರ್ಫದಾಗ ಇಡೂದು ಹೆಣಾನ. ಸತ್ತು ನಾಕ ದಿನಾ ಆದ ಮೀನಕ್ಕ ಬರ್ಫ ಬೇಕು, ಜೀವಂತ ಮೀನಕ್ಕ ಯಾಕ ಬೇಕು?” ಎಂದಳು. ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದ ದಾವೂದಸಾಬನೂ ಹೌದು ಎಂದು ತಲೆಯಾಡಿಸಿದ. ಆದರೆ ಮಾರಾಟವಿಲ್ಲದೆ ಮನೆಯಲ್ಲಿ ಕುಳಿತು ಮಾಡುವುದೇನು? ಕಾರ್ಖಾನೆಯಲ್ಲಿ ಆಗ ಕೆಲಸ ಹೆಚ್ಚು, ಕೈ ಕಡಿಮೆ. ನಾಲ್ಕು ದಿನ ದುಡಿದಂತೆಯೂ ಆಯಿತು, ನೋಡಿದಂತೆಯೂ ಆಯಿತು ಎಂದು ಶಮೀಮಾ ತಾಯಿಯನ್ನು ಬಸ್ಸು ಹತ್ತಿಸಿಕೊಂಡು ಘಟ್ಟ ಇಳಿದಳು.

ಮೀನು ಕೊಯ್ಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ರಾಜಮಾಬಿ ಧೈರ್ಯದಿಂದಲೇ ಹೋದಳು. ಕಾರ್ಖಾನೆಯ ಬಾಗಿಲಲ್ಲಿಯೇ ತಡೆ ಬಿತ್ತು. ಚಪ್ಪಲಿ ಹೊರಗೆ ಬಿಡಬೇಕು. ಬಾಗಿಲ ಒಳಗೆ ಔಷಧಿ ನೀರು ನಿಲ್ಲಿಸಿದ ತೊಟ್ಟಿ, ಅದರೊಳಗೆ ಕಾಲಿಟ್ಟೇ ದಾಟಬೇಕು. ಮೊಳಕೈವರೆಗೆ ಸಾಬೂನು ಹಚ್ಚಿ ತೊಳೆಯಬೇಕು, ತಲೆಗೆ ಬಟ್ಟೆ ಕಟ್ಟಬೇಕು. ಆಮೇಲೆ ಮೇಲ್ವಿಚಾರಕಿ ಪ್ರತಿಯೊಬ್ಬರ ಕೈಯನ್ನೂ ತಿರುಗಿಸಿ ನೋಡುತ್ತಿದ್ದಳು. ರಾಜಮಾಬಿಯ ಹೆಬ್ಬೆರಳಿಗೆ ಚಿಂದಿ ಸುತ್ತಿತ್ತು. ಬಿಚ್ಚಿಸಿ ನೋಡಿದಳು. ಕುಡಗೋಲು ತಾಗಿದ ಗಾಯ, ಇನ್ನೂ ಪೂರ್ತಿ ಮಾಯ್ದಿರಲಿಲ್ಲ, ಅಂಚಿನಲ್ಲಿ ಕೀವು ಇತ್ತು. ಗಾಯ ಮಾಯುವ ತನಕ ಮೀನು ಮುಟ್ಟುವಂತಿಲ್ಲ ಎಂದು ಮೇಲ್ವಿಚಾರಕಿ ಮೆಲ್ಲನೆಯೇ ಹೇಳಿ, ಬೆರಳಿಗೆ ಮದ್ದು ಹಾಕಿ ಪಟ್ಟಿ ಕಟ್ಟಿ, ರಟ್ಟಿನ ಪೆಟ್ಟಿಗೆ ಮಡಿಚುವ ಕೆಲಸಕ್ಕೆ ಕಳಿಸಿದಳು.

ಇಷ್ಟು ಸಣ್ಣ ಗಾಯಕ್ಕೆ ಇಷ್ಟೊಂದು ಸೋಗು ಯಾಕೆ ಎಂದು ರಾಜಮಾಬಿ ಮುಖ ಗಂಟು ಹಾಕಿಕೊಂಡು ಪೆಟ್ಟಿಗೆ ಮಡಿಚತೊಡಗಿದಳು. ಆದರೆ ಅಲ್ಲಿ ಕುಳಿತವಳಿಗೆ ಇಡೀ ಕಾರ್ಖಾನೆ ಕಾಣುತ್ತಿತ್ತು.

ದೋಣಿಯಿಂದ ಬಂದ ಸೀಗಡಿಯ ಬುಟ್ಟಿಗಳು ಬರ್ಫದ, ಅಂದರೆ ಮಂಜುಗಡ್ಡೆಯ, ಪುಡಿಯಲ್ಲಿ ಹುದುಗಿಯೇ ಒಳಗೆ ಬರುತ್ತಿದ್ದವು. ಮೊದಲು ಅವುಗಳನ್ನು ಶುದ್ಧ ನೀರಿನಲ್ಲಿ ತೊಳೆಯುತ್ತಿದ್ದರು. ಸಣ್ಣದು, ದೊಡ್ಡದು, ಬಣ್ಣಗೆಟ್ಟದ್ದು ಎಂದು ಬೇರೆ ಮಾಡುತ್ತಿದ್ದರು. ಉದ್ದನೆಯ ಮೇಜುಗಳ ಎರಡೂ ಬದಿಗೆ ನಿಂತ ಹೆಂಗಸರು ತಲೆ ಮುರಿದು, ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನರ ಎಳೆದು, ಸುಲಿದದ್ದನ್ನು ಕೂಡಲೇ ಬರ್ಫದ ನೀರಿಗೆ ಹಾಕುತ್ತಿದ್ದರು. ಸಿಪ್ಪೆಯ ರಾಶಿ ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ, ಆಗಾಗ ಹೊರಗೆ ಹೋಗುತ್ತಿತ್ತು. ಆಮೇಲೆ ತೂಕ, ಆಮೇಲೆ ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿ ಮೇಲೆ ನೀರು ಹಾಕಿ ಯಂತ್ರದೊಳಗೆ ತಳ್ಳುವುದು. ಹೊರಗೆ ಬರುವ ಹೊತ್ತಿಗೆ ಅದು ಇಟ್ಟಿಗೆಯಂತೆ ಗಟ್ಟಿ. ರಾಜಮಾಬಿ ಮಡಿಚಿದ ಪೆಟ್ಟಿಗೆಗೆ ಅದನ್ನು ತುಂಬಿ ದಪ್ಪ ಬಾಗಿಲಿನ ಕೋಣೆಯಲ್ಲಿ ಇಡುತ್ತಿದ್ದರು. ಆ ಬಾಗಿಲು ತೆರೆದಾಗೊಮ್ಮೆ ಒಳಗಿಂದ ಮಂಜು ಹೊಗೆಯಂತೆ ಹೊರಗೆ ಹರಿದು ಅವಳ ಕಾಲು ಮರಗಟ್ಟಿಸುತ್ತಿತ್ತು. ಸುಖದ ಕೆಲಸವಲ್ಲ ಅದು. ನಿಂತು ನಿಂತು ಹೆಂಗಸರ ಕಾಲಿನ ಮೀನಖಂಡಗಳು ಸೆಳೆಯುತ್ತಿದ್ದವು. ತಣ್ಣೀರಿಗೆ ಬೆರಳು ಬಿಳುಚಿಕೊಳ್ಳುತ್ತಿದ್ದವು. ಆದರೂ ಅಷ್ಟು ಮೀನಿರುವ ಜಾಗದಲ್ಲಿ ಒಂದು ನೊಣವೂ ಕಾಣದ್ದು ಅವಳಿಗೆ ಸೋಜಿಗವೆನಿಸಿತು. ಮೂಗಿಗೆ ಬರುತ್ತಿದ್ದುದು ಕಡಲಿನ ವಾಸನೆ, ಕೊಳೆತ ವಾಸನೆಯಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಶಮೀಮಾ ತಾಯಿಯ ಪಟ್ಟಿಯನ್ನು ನೋಡಿ ಕೇಳಿದಳು, “ಅಮ್ಮಾ, ಮೈಲಾರವ್ವಗ ಮೀನ ಕೊಯ್ದ ಕೊಟ್ಟಾಗ ಈ ಬೆರಳಾಗ ಕೀವು ಇತ್ತೇನ?”

ರಾಜಮಾಬಿ ರೊಟ್ಟಿಯನ್ನು ಬುತ್ತಿಗೆ ಮರಳಿ ಇಟ್ಟಳು. ಕೀವು ಇತ್ತು. ಅವತ್ತು ಬೆರಳು ಬಾತುಕೊಂಡು ಮಿಡಿಯುತ್ತಿತ್ತು. ಆ ಬೆರಳಿನಿಂದಲೇ ಮಸಾಲೆ ತಿಕ್ಕಿ, ಇಳಿಹೊತ್ತಿನ ತನಕ ಬಿಸಿಲ ಝಳದಲ್ಲಿ ಗೋಣಿತಟ್ಟಿನ ಕೆಳಗೆ ಇಟ್ಟಿದ್ದಳು.

“ಆದ್ರ ಅವರು ಹಂಚಿನ ಮ್ಯಾಲೆ ಚೊಲೋತಂಗ ಬೇಯಿಸ್ಯಾರಲ್ಲ,” ಎಂದಳು ಸಣ್ಣ ದನಿಯಲ್ಲಿ.

“ಗಾಯದಾಗ ಕಣ್ಣಿಗೆ ಕಾಣದ ಹುಳಾ ಇರತಾವಮ್ಮಾ. ಬಿಸಲಾಗ ಇಟ್ರ ಅವು ಒಂದಕ್ಕ ಸಾವಿರ ಆಗಿ ಮೀನದಾಗ ವಿಷಾ ಬಿಡತಾವ. ಬೇಯಿಸಿದ್ರ ಹುಳಾ ಸಾಯತಾವ, ಬಿಟ್ಟ ವಿಷಾ ಹಂಗ ಉಳೀತೈತಿ. ಬರ್ಫದಾಗ ಇಟ್ರ ಅವು ಬೆಳಿಯಾಕ ಆಗಂಗಿಲ್ಲ. ನಮಗ ಮೊದಲನೇ ದಿನಾನ ಇದನ್ನ ಹೇಳಿ ಕೊಡತಾರ.”

ರಾಜಮಾಬಿ ಆ ಹೊತ್ತು ಊಟ ಮಾಡಲಿಲ್ಲ. ಆದರೆ ಮರುದಿನದಿಂದ ಅವಳು ಪೆಟ್ಟಿಗೆ ಮಡಿಚುತ್ತ ಸುಮ್ಮನೆ ಕೂರಲಿಲ್ಲ. ಬರ್ಫವನ್ನು ಕೆಳಗೆ ಎಷ್ಟು ಹಾಕುತ್ತಾರೆ, ಮೇಲೆ ಎಷ್ಟು, ಕರಗಿದ ನೀರು ಹೇಗೆ ಹೊರಗೆ ಹೋಗುತ್ತದೆ, ಚಾಕು ಎಷ್ಟು ಸಲ ತೊಳೆಯುತ್ತಾರೆ ಎಂದು ಕೇಳಿ ಕೇಳಿ ತಿಳಿದುಕೊಂಡಳು. ಬೆರಳು ಮಾಯ್ದ ಮೇಲೆ ಮೇಜಿಗೂ ನಿಂತಳು.

ಊರಿಗೆ ಬಂದವಳು ನೇರ ಮೈಲಾರವ್ವನ ಮನೆಗೆ ಹೋದಳು. ಹೊಸ್ತಿಲ ಹೊರಗೇ ನಿಂತು, ಮೀನು ತಾಜಾ ಇತ್ತು, ಕೆಟ್ಟದ್ದು ತನ್ನ ಕೈಯಿಂದ ಎಂದು ಇದ್ದದ್ದು ಇದ್ದಂತೆ ಹೇಳಿದಳು. ಮೈಲಾರವ್ವ ಹೊಸ್ತಿಲ ಬಳಿ ಬಂದು ಅವಳ ಕೈ ಹಿಡಿದಳು.

“ನೀ ಬೇಕಂತ ಮಾಡಿಲ್ಲ ಅನ್ನೂದು ನನಗ ಗೊತ್ತಿತ್ತು ರಾಜಮಾ. ಆದ್ರ ಹೆಂಗಾತು ಅಂತ ಯಾರಿಗೂ ತಿಳೀಲಿಲ್ಲ. ತಿಳೀದದ್ದಕ್ಕ ಅಂಜಿಕಿ ಆಗಿತ್ತು. ಒಳಗ ಬಾ,” ಎಂದಳು.

ದಾವೂದಸಾಬನನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ನೀರೊಳಗಿನ ಮೀನಿಗೆ ಮತ್ತೆ ಗಟ್ಟಿ ನೀರು ಹೊದಿಸುವುದು ಹುಚ್ಚುತನ ಎಂದು ಅವನ ವಾದ. ರಾಜಮಾಬಿ ಜಗಳವಾಡಲಿಲ್ಲ. ಒಂದೇ ಸಲ ಹುಬ್ಬಳ್ಳಿಯಿಂದ ಬರ್ಫ ತಂದುಕೊಡು, ಆಮೇಲೆ ನಿನ್ನ ಮಾತೇ ಕೇಳುತ್ತೇನೆ ಎಂದಳು. ಅವನು ಗೊಣಗುತ್ತಲೇ ಭತ್ತದ ಹೊಟ್ಟು ತುಂಬಿದ ಚೀಲದಲ್ಲಿ ಒಂದು ಗಡ್ಡೆ ಬರ್ಫ ಹುಗಿದು ಬಸ್ಸಿನಲ್ಲಿ ತಂದ. ಹೊಟ್ಟಿನೊಳಗೆ ಅದು ಮರುದಿನದ ತನಕ ಉಳಿಯಿತು. ಅವಳು ಒಂದೇ ಬಲೆಯ ಮೀನನ್ನು ಎರಡು ಪಾಲು ಮಾಡಿದಳು. ಒಂದು ಪಾಲನ್ನು ಹಸಿ ಗೋಣಿತಟ್ಟಿನ ಕೆಳಗೆ ಇಟ್ಟಳು. ಇನ್ನೊಂದನ್ನು ತಳಕ್ಕೆ ತೂತು ಕೊರೆದ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಅಂದರೆ ಖೋಕಾದಲ್ಲಿ, ತೊಳೆದು ಪುಡಿ ಮಾಡಿದ ಬರ್ಫದ ನಡುವೆ ಜೋಡಿಸಿದಳು. ಇಳಿಹೊತ್ತಿಗೆ ಎರಡನ್ನೂ ಗಂಡನ ಮುಂದೆ ಬಿಚ್ಚಿದಳು. ಗೋಣಿತಟ್ಟಿನ ಮೀನಿನ ಕಣ್ಣು ಗುಳಿಬಿದ್ದು ಮಬ್ಬಾಗಿತ್ತು, ಒತ್ತಿದ ಬೆರಳಿನ ಗುರುತು ಹಾಗೇ ಉಳಿಯಿತು. ಖೋಕಾದ ಮೀನಿನ ಕಣ್ಣು ಹೊಳೆಯುತ್ತಿತ್ತು, ಕಿವಿರು ಕೆಂಪಗಿತ್ತು. ದಾವೂದಸಾಬ ಎರಡನ್ನೂ ಮೂಸಿ ನೋಡಿದ. ಮರುದಿನ ಮುಂಜಾನೆ ಅವನೇ ಎದ್ದು ಖೋಕಾಕ್ಕೆ ಮುಚ್ಚಳ ಬಡಿಯುತ್ತ ಕುಳಿತಿದ್ದ.

ಮೊದಲಿಗೆ ಜನ ದೂರದಿಂದಲೇ ನೋಡಿದರು. ಮೈಲಾರವ್ವ ಎಲ್ಲರೂ ಕಾಣುವಂತೆ ಬಂದು ಒಂದು ಮೀನು ಒಯ್ದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಮಸಾಲೆ ಸವರಿ ಕೊಡುವುದನ್ನು ರಾಜಮಾಬಿ ಬಿಟ್ಟಳು. ಪುಡಿಯನ್ನು ಬೇರೆ ಪೊಟ್ಟಣ ಕಟ್ಟಿ ಕೊಟ್ಟು, ಹಂಚು ಒಲೆಯ ಮೇಲೆ ಇಟ್ಟ ಮೇಲೆಯೇ ಸವರಿರಿ ಎನ್ನುತ್ತಿದ್ದಳು. ಮಳೆಗಾಲದಲ್ಲಿ ಫಕೀರವ್ವ ಗಂಡು ಕೂಸು ಹಡೆದಳು. ಬಾಣಂತಿಗೆ ಮೀನಿನ ಸಾರು ಮಾಡಬೇಕೆಂದಾಗ ಮೈಲಾರವ್ವ ಬೇರೆ ಎಲ್ಲೂ ವಿಚಾರಿಸಲಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಾರ್ಖಾನೆಯ ದೊಡ್ಡ ಯಂತ್ರ ನಮ್ಮ ಊರಿಗೆ ಬರಬೇಕಾಗಿಲ್ಲ. ಅದರ ಶಿಸ್ತು ಬಂದರೆ ಸಾಕು. ನೀವು ಮೀನು ಮಾರುವವರಾದರೆ ಹಿಡಿದ ಕೂಡಲೇ ಶುದ್ಧ ನೀರಿನಲ್ಲಿ ತೊಳೆದು ಬರ್ಫದಲ್ಲಿಡಿ, ಕೈಗೆ ಗಾಯವಾಗಿದ್ದರೆ ಮಾಯುವ ತನಕ ಆ ಕೆಲಸವನ್ನು ಬೇರೆಯವರಿಗೆ ಬಿಡಿ. ಕೊಳ್ಳುವವರಾದರೆ ಮೀನಿನ ಕಣ್ಣು, ಕಿವಿರು ನೋಡಿ, ಒತ್ತಿ ನೋಡಿ, ಒಯ್ದದ್ದನ್ನು ತಡಮಾಡದೆ ಬೇಯಿಸಿ. ತಿಂದು ವಾಂತಿಯಾದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ದವಾಖಾನೆಗೆ ಹೊರಡಿ. ನಾಳೆ ಮೀನಿಗೆ ಕೈ ಹಚ್ಚುವ ಮುಂಚೆ ಆ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳಿ.