ಊಟಕ್ಕೆ ಬರುವವಳು

ಗೋಡೆಗೆ ಅಂಟಿಸಿದ್ದ ಸ್ಕ್ಯಾನರ್ ಹಾಳೆಯನ್ನು ಮಹಾನಂದಾ ಕಿತ್ತು ಹಾಕಿದ ಮೇಲೆ ಖಾನಾವಳಿಯಲ್ಲಿ ದಿನವಿಡೀ ಒಂದೇ ಮಾತು.

"ಕ್ಯಾಶ್ ಇಲ್ಲ ಅಕ್ಕಾ."

"ನೋಟು ಇದ್ರ ಉಣ್ಣು, ಇಲ್ದಿದ್ರ ನಾಳೆ ಕೊಡು."

"ನಾಳೇನೂ ಇರಲ್ಲ ಅಕ್ಕಾ, ಈ ಕಾಲದಲ್ಲಿ ನೋಟು ಯಾರ ಹತ್ರ ಇರುತ್ತೆ?" ಎನ್ನುತ್ತ ಫ್ಯಾಕ್ಟರಿಯ ಹುಡುಗರು ಎದುರುಗಡೆಯ ಕ್ಯಾಂಟೀನಿಗೆ ದಾಟುತ್ತಿದ್ದರು.

ಪೀಣ್ಯ ಎರಡನೇ ಹಂತದ ಆ ಗಲ್ಲಿಯಲ್ಲಿ ಬೆಳಕು ಹರಿಯುವ ಮೊದಲೇ ಕಬ್ಬಿಣ ಮಾತಾಡತೊಡಗುತ್ತದೆ. ಒಂದು ಶೆಡ್ಡಿನಲ್ಲಿ ಹೆರೆಯುವ ಸದ್ದು, ಇನ್ನೊಂದರಲ್ಲಿ ಒತ್ತುವ ಸದ್ದು. ಅವುಗಳ ನಡುವೆ ತಗಡಿನ ಸೂರಿನ ಉದ್ದನೆಯ ಕೋಣೆಯೊಂದರಿಂದ ಮಾತ್ರ ಪಟಪಟ ಎಂಬ ಮೆತ್ತನೆಯ ಸದ್ದು ಬರುತ್ತಿತ್ತು, ಯಾರೋ ಮಗುವಿನ ಬೆನ್ನು ತಟ್ಟುತ್ತಿರುವಂತೆ. ಹಲಗೆಯ ಮೇಲೆ ಜೋಳದ ಹಿಟ್ಟು ಅಗಲವಾಗುವ ಸದ್ದು ಅದು. ರೊಟ್ಟಿ ಬಡಿಯಲು ಹನುಮವ್ವ ಮತ್ತು ಮಹಾದೇವಿ, ಸಾರು ಪಲ್ಯಕ್ಕೆ ಮುನಿಯಕ್ಕ. ಬಡಿಸುವುದು, ಗಲ್ಲಾದಲ್ಲಿ ಕೂರುವುದು, ಎಲ್ಲರಿಗೂ ಸಂಬಳ ಕೊಡುವುದು ಮಹಾನಂದಾ.

ರೊಟ್ಟಿ ಉಣ್ಣಲು ಬರುತ್ತಿದ್ದವರಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯ ಗಾರೆ ಕೆಲಸದವರು, ಫ್ಯಾಕ್ಟರಿಯವರು. ಅವರ ಬಾಡಿಗೆ ಕೋಣೆಗಳಿಗೆ ಬೀಗವಿದ್ದರೂ ಒಂದೇ ಬೀಗಕ್ಕೆ ಆರು ಕೈ. ದುಡ್ಡು ತಮ್ಮದೇ ಫೋನಿನಲ್ಲಿದ್ದರೆ ಭಾನುವಾರದ ಸಂಜೆಯೊಳಗೆ ಕುಡಿತಕ್ಕೋ ಇಸ್ಪೀಟಿನ ಆಟಕ್ಕೋ ಕರಗಿಹೋಗುತ್ತದೆಂದು ಅವರಿಗೇ ಗೊತ್ತಿತ್ತು. ಆದ್ದರಿಂದ ಪಗಾರದ ದಿನ ಊಟ ಮುಗಿಸಿ, ಕೈ ತೊಳೆದು, ಅದೇ ಗೋಡೆಯ ಹಾಳೆಗೆ ಫೋನು ಹಿಡಿದು ಕೈಖರ್ಚಿನದು ಬಿಟ್ಟು ಮಿಕ್ಕ ಪಗಾರವನ್ನು ಮಹಾನಂದಾಳ ಖಾತೆಗೆ ಕಳಿಸಿಬಿಡುವುದು ರೂಢಿಯಾಗಿತ್ತು. "ಅಕ್ಕಾ, ಇಟಗೋ." ಪಂಚಮಿಗೋ ಯುಗಾದಿಗೋ ಊರಿಗೆ ಹೊರಟಾಗ ಅವಳು ಬ್ಯಾಂಕಿಗೆ ಹೋಗಿ ನೋಟು ತಂದು ಕೈಗೆ ಕೊಡುತ್ತಿದ್ದಳು. ಬಡ್ಡಿಯಿಲ್ಲ, ಬರೆದಿಡುವುದಿಲ್ಲ. ಊರಲ್ಲಿ ಅವರವರ ಜೋಳದ ಚೀಲವನ್ನು ನಂಬಿಗಸ್ತರ ನೆಲದೊಳಗಿನ ಹಗೇವಿನಲ್ಲಿ ಇಡುತ್ತಿರಲಿಲ್ಲವೇ, ಹಾಗೆ.

ಅಜ್ಜಿಯರು ಹೇಳುವ ಕತೆಗಳಲ್ಲಿ ಒಬ್ಬ ರಾಜನಿದ್ದಾನೆ. ಉಪ್ಪರಿಗೆಯಿಂದ ನೋಡಿದಾಗ ಊರ ಬಾವಿಯ ತಳದಲ್ಲಿ ಅವನಿಗೆ ಬೆಳ್ಳಿಯ ತಟ್ಟೆ ಕಂಡಿತಂತೆ. ಇಷ್ಟು ಬೆಳ್ಳಿ ಇರುವ ಊರೇ ಎಂದು ನೀರು ಸೇದುವವರಿಗೆಲ್ಲ ಸುಂಕ ಹಾಕಿದನಂತೆ. ಅದು ಚಂದ್ರ ಎನ್ನಲು ರಾಜನನ್ನು ಕೈಹಿಡಿದು ಬಾವಿಯ ಕಟ್ಟೆಯ ತನಕ ಕರೆತರುವವರು ಬೇಕಲ್ಲ. ಮಹಾನಂದಾಳಿಗೆ ಬಂದ ವಾಣಿಜ್ಯ ತೆರಿಗೆಯ ನೋಟೀಸು ಅಂಥದ್ದೇ ಆಗಿತ್ತು. ನಾಲ್ಕು ವರ್ಷಗಳಿಂದ ಅವಳ ಖಾತೆಗೆ ಬಿದ್ದ ಅಷ್ಟೂ ದುಡ್ಡನ್ನು ಅದು ರೊಟ್ಟಿಯ ವ್ಯಾಪಾರವೆಂದು ಎಣಿಸಿತ್ತು.

ಜಾಲಹಳ್ಳಿ ಕ್ರಾಸಿನ ಹತ್ತಿರ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ತೆರಿಗೆ ಕೆಲಸ ಮಾಡಿಕೊಡುವ ಗುರುರಾಜ್ ನೋಟೀಸು ಓದಿ ನಕ್ಕ.

"ಇಷ್ಟು ರೊಟ್ಟಿ ಮಾರಿದ್ದೀರಾ ಮೇಡಂ? ಪೀಣ್ಯ ಪೂರ್ತಿ ಸಾಲಾಗಿ ಕೂತು ತಿಂದ್ರೂ ಖರ್ಚಾಗಲ್ವಲ್ರೀ!"

"ನಂದಲ್ರಿ ಅದು. ಹುಡುಗೂರದು. ನಾ ಬರೇ ಇಟಗೊಂಡೀನಿ."

"ನೀವು ಹೇಳಿದ್ರೆ ನಾನು ನಂಬ್ತೀನಿ. ಆಫೀಸರ್ ನಂಬಬೇಕಲ್ಲ? ದುಡ್ಡು ಇಟ್ಟವರು ಬಂದು ಹೇಳ್ಬೇಕು, ಆಧಾರ್ ಕೊಟ್ಟು ಸಹಿ ಹಾಕ್ಬೇಕು. ಎಲ್ಲರೂ ಬೇಡ, ಒಬ್ಬರಾದ್ರೂ ಗಟ್ಟಿಯಾಗಿ ಹೇಳಿದ್ರೆ ಮಿಕ್ಕಿದ್ದನ್ನ ಕೇಳಿಸ್ಕೊಳ್ಳೋಕೆ ಅವರಿಗೊಂದು ಕಾರಣ ಸಿಗುತ್ತೆ."

"ಹಾಳಿ ಕಿತ್ತ ಹಾಕೀನ್ರಿ ಈಗ."

"ಕಿತ್ತು ಏನ್ ಬಂತು? ಹಳೇದು ಅಳಿಸಿಹೋಗುತ್ತಾ? ಗಿರಾಕಿ ಹೋದ, ಅಷ್ಟೆ." ಅವನು ಕನ್ನಡಕ ತೆಗೆದ. "ಇನ್ನೊಂದು ಮಾತು. ಹುಡುಗರ ದುಡ್ಡು ಬಿಟ್ಟು ನಿಮ್ಮ ನಿಜವಾದ ವ್ಯಾಪಾರ ಹಿಡಿದ್ರೂ ಮಿತಿ ದಾಟುತ್ತೆ. ನೋಂದಣಿ ಮಾಡಿಸ್ಲೇಬೇಕು. ಸಣ್ಣ ಹೋಟ್ಲಿಗೆ ಸುಲಭದ ದಾರಿ ಇದೆ, ನೂರಕ್ಕೆ ಐದು. ಆದ್ರೆ ಅದನ್ನ ತೆರಿಗೆ ಅಂತ ಗಿರಾಕಿ ಹತ್ರ ಕೇಳಂಗಿಲ್ಲ. ನಿಮ್ಮ ಗಲ್ಲಾದಿಂದ್ಲೇ ಕಟ್ಟಬೇಕು."

"ಊಟದ ರೇಟ್ ಏರಿಸಿದ್ರ?"

"ಏರಿಸಿ. ಎದುರುಗಡೆ ಕ್ಯಾಂಟೀನವನು ಏರಿಸ್ತಾನಾ?"

ಅವಳು ನೋಟೀಸನ್ನು ಮಡಿಸತೊಡಗಿದಳು.

"ಎಷ್ಟು ಜನ ಇದ್ದಾರೆ ಕೆಲಸಕ್ಕೆ?"

"ಮೂರು ಮಂದಿ."

ಗುರುರಾಜ್ ಪೆನ್ನಿನ ತುದಿಯಿಂದ ಮೇಜನ್ನು ಮೆಲ್ಲಗೆ ತಟ್ಟಿದ. ಮೆಟ್ಟಿಲಿಳಿಯುವಾಗ ಮಹಾನಂದಾ ಲೆಕ್ಕ ಹಾಕಿದಳು. ಜೋಳದ ದರ ಅವಳ ಮಾತು ಕೇಳುವುದಿಲ್ಲ, ಸಿಲಿಂಡರಿನದೂ ಇಲ್ಲ, ಶೆಡ್ಡಿನ ಬಾಡಿಗೆಯಂತೂ ಇಲ್ಲವೇ ಇಲ್ಲ. ಅವಳ ಮಾತು ನಡೆಯುವುದು ಮೂರು ಜನರ ಮೇಲೆ ಮಾತ್ರ.

ಮುನಿಯಕ್ಕ ಇಲ್ಲಿಯವಳೇ. ನೀರಿನ ಟ್ಯಾಂಕರಿನವನನ್ನು ಬೈದು ಕರೆಸುವುದು ಅವಳೊಬ್ಬಳಿಗೇ ಬರುತ್ತಿತ್ತು. ಮಹಾದೇವಿಯ ಕೈ ಗಾಳಿಯಂತೆ ಓಡುತ್ತಿತ್ತು, ಶಾಲೆಗೆ ಹೋಗುವ ಎರಡು ಮಕ್ಕಳಿದ್ದವು. ಹನುಮವ್ವನ ಬಲಭುಜ ಕಳೆದ ಚಳಿಗಾಲದಿಂದ ಮೇಲೇಳುತ್ತಿರಲಿಲ್ಲ. ಒಂದು ರೊಟ್ಟಿ ಬಡಿದು ಒಂದಿಷ್ಟು ಉಸಿರು ತೆಗೆದುಕೊಳ್ಳುತ್ತಿದ್ದಳು. ಆದರೆ ಈ ಖಾನಾವಳಿ ಫುಟ್‌ಪಾತಿನ ಮೇಲಿನ ಒಂದು ಬುಟ್ಟಿಯಾಗಿದ್ದಾಗ ಬುಟ್ಟಿಯ ಇನ್ನೊಂದು ಹಿಡಿಕೆ ಹಿಡಿದವಳು ಹನುಮವ್ವನೇ. ಕೆಲಸ ಬಿಡಿಸಬೇಕಾದದ್ದು ಯಾರನ್ನು ಎಂದು ಮಹಾನಂದಾಳಿಗೆ ಬಸ್‌ಸ್ಟಾಪ್ ತಲುಪುವಷ್ಟರಲ್ಲಿ ತಿಳಿದುಹೋಗಿತ್ತು. ಹೇಳುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಮೊದಲು ಸಹಿಯಾದರೂ ಸಿಗಲಿ ಎಂದು ಭಾನುವಾರ ಹುಡುಗರ ಕೋಣೆಗಳ ಕಡೆ ಹೋದಳು. ಸೆಂಟ್ರಿಂಗ್ ಕೆಲಸದ ಯಮನೂರ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ. ಅವಳ ಮಾತು ಕೇಳಿ ಸುತ್ತಲಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಅಕ್ಕಾ ಸರಕಾರದಾಕಿ ಆಗಿಬಿಟ್ಟಾಳಲೇ, ಆಧಾರ್ ಕೇಳಾಕತ್ತಾಳ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಯಮನೂರ ನಗಲಿಲ್ಲ. "ಅಕ್ಕಾ, ಸಿಟ್ಟಾಗಬ್ಯಾಡ. ನನ್ನ ಕಡೆ ಇಷ್ಟ ರೊಕ್ಕ ಇತ್ತಂತ ಬರಕೊಟ್ರ ಊರಾಗ ರೇಷನ್ ಕಾರ್ಡ್ ತಗದಬಿಡ್ತಾರ. ನಮ್ಮವ್ವ ಅದರ ಅಕ್ಕಿ ಮ್ಯಾಲೆ ಅದಾಳ."

"ಸುಳ್ಳು ಹೇಳು ಅಂತೀನೇನೋ ತಮ್ಮಾ? ಖರೇ ಹೇಳು ಅಂತೀನಿ."

"ಖರೇ ಹೇಳಿದ್ರ ಕಾರ್ಡ್ ಹೋಗತೈತಕ್ಕಾ ಅಂತೀನಿ." ಒದ್ದೆ ಅಂಗಿಯನ್ನು ಹಿಂಡುತ್ತ ಅವನು ದನಿ ತಗ್ಗಿಸಿದ. "ನಿನ್ನ ಖಾತೆಗೆ ಕೀಲಿ ಹಾಕ್ತಾರಂತ ಮಂದಿ ಮಾತಾಡಾಕತ್ತಾರ. ನಂದು ಅಷ್ಟ ಕೊಟ್ಟಬಿಡಕ್ಕಾ."

ಅವನು ಕೇಳಿದ ಮೇಲೆ ಎಲ್ಲರೂ ಕೇಳಿದರು. ಆ ವಾರ ಮಹಾನಂದಾ ಬ್ಯಾಂಕಿಗೂ ಖಾನಾವಳಿಗೂ ನಡೆದಾಡಿ ಪ್ರತಿಯೊಬ್ಬರ ದುಡ್ಡನ್ನೂ ಹಿಂತಿರುಗಿಸಿದಳು. ತನ್ನದಲ್ಲದ ದುಡ್ಡು ಕೈಬಿಟ್ಟುಹೋಯಿತು. ಅದರ ಮೇಲಿನ ತೆರಿಗೆ ಮಾತ್ರ ಅವಳ ಹೆಸರಿನಲ್ಲಿ ಉಳಿಯಿತು.

"ಇಂಗಾದ್ರೆ ಅಂಗಡಿ ಮುಚ್ತೀಯಾ?" ಎಂದಳು ಮುನಿಯಕ್ಕ, ಹುಣಸೆಹಣ್ಣು ಕಿವುಚುತ್ತ. "ಈಗ್ಲೇ ಯೋಳ್ಬುಡು ತಾಯಿ. ನಾನು ಬ್ಯಾರೆ ಕಡೆ ನೋಡ್ಕಬೇಕು."

"ಮುಚ್ಚೂದಿಲ್ಲ."

"ಅಂಗಂತ ಯೋಳಿ ಮುಚ್ಚಿದೋರ್ನ ಎಸ್ಟು ಜನಾನ ನೋಡಿವ್ನಿ ಈ ಗಲ್ಲೀಲಿ!"

ಒಲೆಯ ಮುಂದಿನಿಂದ ಹನುಮವ್ವ ತಿರುಗಿದಳು. "ಯಾಕ, ನಾ ಇಲ್ಲೇನ? ನನ್ನ ಮಗ ಕಾಡಪ್ಪ ಹೂಡಿ ಕಡಿಂದ ತಿಂಗಳಾ ತಿಂಗಳಾ ಕಳಸೂದು ನಿನ್ನ ಫೋನಿಗೇ ಬರತೈತಿ. ನಂದು ಗುಂಡಿ ಒತ್ತೂ ಫೋನು. ಅದನ್ನ ನಾ ಬಂದು ಹೇಳತೀನಿ. ಹೆಬ್ಬೆಟ್ಟು ಒತ್ತತೀನಿ."

"ನಿನ್ನ ಕಾರ್ಡ್ ಹೋದ್ರ?" ಎಂದಳು ಮಹಾದೇವಿ.

"ಕಾರ್ಡ್ ಸೊಸಿ ಹೆಸರಿಲೆ ಐತಿ. ಕಳಕೊಳ್ಳಾಕ ನನ್ನ ಕಡೆ ಏನೈತವ್ವಾ?" ಎಂದು ಹನುಮವ್ವ ನಕ್ಕು, ರೊಟ್ಟಿಯನ್ನು ಎತ್ತಿ ಹಂಚಿನ ಮೇಲೆ ಹಾಸಿದಳು. ಮಹಾನಂದಾ ಗಲ್ಲಾದ ಚಿಲ್ಲರೆಯನ್ನು ಜೋಡಿಸತೊಡಗಿದಳು.

ಗುರುರಾಜನ ಕಡೆಗೆ ಆಟೋದಲ್ಲಿ ಹೋಗುವಾಗ ಮಹಾನಂದಾ ಹೇಳಿಬಿಡಬೇಕೆಂದುಕೊಂಡಿದ್ದಳು. ಮೆಟ್ರೋ ಕಂಬಗಳ ಕೆಳಗೆ ಲಾರಿಗಳ ನಡುವೆ ಆಟೋ ನಿಂತೇಬಿಟ್ಟಿತು. ಹೇಳಲು ಬೇಕಾದಷ್ಟು ಹೊತ್ತು ಸಿಕ್ಕಿತು. "ಹನುಮವ್ವಾ" ಎಂದು ಶುರುಮಾಡಿದಳು.

"ನಾನೂ ಅದನ್ನ ಅನ್ನಾಕಿದ್ದೆ," ಎಂದಳು ಹನುಮವ್ವ. "ಆ ಹಂಚು ಡೊಂಕಾಗೇತಿ. ನಡುವ ಸುಡತೈತಿ, ದಂಡಿ ಹಸೀ ಉಳಿತೈತಿ. ಈ ಗದ್ದಲ ಮುಗೀಲಿ, ಇಬ್ಬರೂ ಹೋಗಿ ಒಂದು ಛಲೋದು ತರೂಣು."

"ತರೂಣು," ಎಂದಳು ಮಹಾನಂದಾ.

ಗುರುರಾಜನ ಕೋಣೆಯಲ್ಲಿ ಹನುಮವ್ವ ಕುರ್ಚಿಯ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಕಾಡಪ್ಪ ಟೈಲ್ಸ್ ಕೆಲಸ ಮಾಡುವುದು, ಅವನು ಕಳಿಸಿದ್ದು ಮಹಾನಂದಾಳ ಫೋನಿಗೆ ಬರುವುದು, ಅವಳು ಅದನ್ನು ಅಂದಂದೇ ತನ್ನ ಸೆರಗಿಗೆ ಹಾಕುವುದು. ಗುರುರಾಜ್ ಬರೆದುಕೊಂಡ. ಶಾಯಿಯ ಡಬ್ಬಿಯನ್ನು ಅವಳ ಕಡೆ ಸರಿಸುತ್ತ, ಯಾವ ಯೋಚನೆಯೂ ಇಲ್ಲದೆ ಕೇಳಿದ:

"ಅಮ್ಮ ನಿಮಗೇನಾಗಬೇಕು ಮೇಡಂ?"

"ನಮ್ಮಲ್ಲೇ ರೊಟ್ಟಿ..."

"ಕೆಲಸ ಮಾಡ್ತಾರಾ?" ಅವನ ಕೈ ಡಬ್ಬಿಯ ಮೇಲೆಯೇ ನಿಂತಿತು. "ಅಯ್ಯೋ, ಮೊದಲೇ ಹೇಳಬಾರದಾ? ಕೆಲಸದವರ ಸಾಕ್ಷಿ ಅಂದ್ರೆ ಯಜಮಾನಿ ಹೇಳಿಸಿದ್ದು ಅಂತಾರೆ. ಮತ್ತೆ ಇವರ ಸಂಬಳ ಎಲ್ಲಿ ತೋರಿಸಿದ್ದೀರಿ, ಎಷ್ಟು ಜನ ಇದ್ದಾರೆ ಅಂತ ಇನ್ನೊಂದು ಕಡೆಯಿಂದ ಶುರುವಾಗುತ್ತೆ. ಊಟಕ್ಕೆ ಬರೋರು ಅಂತ ಬರೀಲಾ?"

ಕೆಳಗಿನ ಅಂಗಡಿಯಲ್ಲಿ ಝೆರಾಕ್ಸ್ ಮಷೀನು ಒಂದೇ ಸಮನೆ ಹಾಳೆ ಉಗುಳುತ್ತಿತ್ತು.

"ಬರೆಯೋದಕ್ಕೆ ಮಾತ್ರ ಅಲ್ಲ," ಎಂದ ಅವನು. "ಯಾವತ್ತೋ ಒಂದಿನ ಬಂದು ನೋಡ್ತಾರೆ. ಆಗ ಅಮ್ಮ ಒಲೆ ಮುಂದೆ ಕೂತಿರಬಾರದು. ಏನಂತೀರಿ?"

ಹನುಮವ್ವ ಮಹಾನಂದಾಳ ಮುಖ ನೋಡುತ್ತಿದ್ದಳು. ಹೂಂ ಅಂದರೆ ಹನುಮವ್ವ ಹೋಗುತ್ತಾಳೆ. ಉಹೂಂ ಅಂದರೆ ಅಂಗಡಿಯೇ ಹೋಗಿ ಮೂವರೂ ಹೋಗುತ್ತಾರೆ. ತಾನು ಇಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಬೇರೊಬ್ಬರು ಆಡಿದ್ದರಿಂದ ಮಹಾನಂದಾಳ ಎದೆ ಒಂದು ಗಳಿಗೆ ಹಗುರವಾಯಿತು. ಆ ಹಗುರಕ್ಕೆ ಅವಳ ಕಿವಿಗಳು ಬಿಸಿಯಾದವು.

"ಊಟಕ್ಕ ಬರಾಕಿ," ಎಂದಳು. "ನಮ್ಮ ಓಣ್ಯಾಕಿ. ಹಂಗಂತ ಬರೀರಿ."

ಹನುಮವ್ವ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಗುರುರಾಜ್ ತೋರಿಸಿದ ಜಾಗದಲ್ಲಿ ಒತ್ತಿದಳು. ಗುರುತು ತೆಳ್ಳಗೆ ಬಂತು. ವರ್ಷಗಟ್ಟಲೆ ಬಿಸಿ ಹಂಚಿಗೆ ತಾಗಿ ಬೆರಳಿನ ಗೆರೆಗಳು ಸವೆದಿದ್ದವು. ಗುರುರಾಜ್ ಇನ್ನೊಮ್ಮೆ ಒತ್ತಿಸಿದ.

ಹಿಂದಿರುಗುವಾಗ ಆಟೋಗೆ ಕೈ ಮಾಡಲು ಹನುಮವ್ವ ಬಿಡಲಿಲ್ಲ. ಇಬ್ಬರೂ ನಡೆದರು.

"ಅಲ್ಲೆ ಹಂಗ ಹೇಳಬೇಕಾತು," ಎಂದಳು ಮಹಾನಂದಾ.

"ಹೇಳಬೇಕಾತು, ಖರೇ." ಸೆರಗಿನ ತುದಿಯಿಂದ ಹನುಮವ್ವ ಬೆರಳಿನ ಶಾಯಿ ಒರೆಸುತ್ತಿದ್ದಳು. "ಅಲ್ಲೆ ಅಷ್ಟೇನ, ಇಲ್ಲೆನೂ ಹಂಗೇನ? ಅದೊಂದು ಹೇಳಿಬಿಡು."

ಪಕ್ಕದಲ್ಲಿ ಲಾರಿಯೊಂದು ಕಬ್ಬಿಣದ ಸರಳುಗಳನ್ನು ಎಳೆದುಕೊಂಡು ಹೋಯಿತು. ಅದು ಹೋಗಿ ಸದ್ದು ಅಡಗುವವರೆಗೂ ಮಹಾನಂದಾಳಿಗೆ ಸಮಯವಿತ್ತು. ಅಡಗಿದ ಮೇಲೂ ಇತ್ತು. ಸ್ವಲ್ಪ ದೂರ ಹೋದ ಮೇಲೆ ಹನುಮವ್ವ, "ಆತು ತಗೋ," ಎಂದಳು.

ಅವರು ತಲುಪಿದಾಗ ಮಧ್ಯಾಹ್ನದ ಊಟದ ಹೊತ್ತು ಹತ್ತಿರವಾಗಿತ್ತು. ಮಹಾದೇವಿ ಒಬ್ಬಳೇ ಬಡಿಯುತ್ತಿದ್ದಳು. ಅವಳ ಪಕ್ಕದ ಹಲಗೆ ಖಾಲಿಯಿತ್ತು, ಅದರ ಮೇಲೆ ಹಿಟ್ಟು ಉದುರಿಸಿಟ್ಟಿದ್ದಳು. ಹನುಮವ್ವ ಒಳಗೆ ಬಂದು ಒಲೆಯ ಕಡೆ ಹೆಜ್ಜೆ ಹಾಕಿದಳು. ನಡುವೆ ನಿಂತಳು. ಆಮೇಲೆ ಸುತ್ತು ಹಾಕಿ ಮುಂದೆ ಬಂದು, ಗಿರಾಕಿಗಳ ಬೆಂಚಿನ ಮೇಲೆ ಕೂತಳು.

"ಎರಡು ರೊಟ್ಟಿ ಕೊಡವ್ವಾ."

ಮುನಿಯಕ್ಕ ಸೌಟು ಹಿಡಿದುಕೊಂಡೇ ನಗುತ್ತ ಹೊರಬಂದಳು. "ಇದೇನ್ ಹನುಮವ್ವಾ, ಮಾರಾಣಿ ಅಂಗೆ ಕುಂತುಬುಟ್ಟೆ! ಎದ್ದೇಳು, ಒತ್ತಾಯ್ತು."

"ಇವತ್ತ ನಾ ಊಟಕ್ಕ ಬಂದೀನಿ ಮುನಿಯಕ್ಕಾ. ಸಾಹೇಬ್ರ ಮುಂದ ಬರಸಿ ಬಂದೀವಿ."

ಮುನಿಯಕ್ಕ ಮಹಾನಂದಾಳ ಕಡೆ ನೋಡಿದಳು. ಮಹಾನಂದಾ ತಟ್ಟೆ ತೆಗೆದು, ಎರಡು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಹಾಕಿ ತಂದಿಟ್ಟಳು. ಮುನಿಯಕ್ಕನ ನಗು ಆಮೇಲೆ ಇಳಿಯಿತು. ಮಹಾದೇವಿಯ ಕೈ ಮಾತ್ರ ನಿಲ್ಲಲಿಲ್ಲ, ಇನ್ನಷ್ಟು ಜೋರಾಯಿತು.

ಹನುಮವ್ವ ಅವಸರವಿಲ್ಲದೆ ಉಂಡಳು. ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಕೈ ತೊಳೆದು ಬಂದು ಸೆರಗಿನ ಗಂಟು ಬಿಚ್ಚಿ ಮಡಿಸಿದ ನೋಟೊಂದನ್ನು ಗಲ್ಲಾದ ಮೇಲಿಟ್ಟಳು.

"ಹನುಮವ್ವಾ, ಬ್ಯಾಡ. ನಿನ್ನ ಕಾಲಿಗೆ ಬೀಳತೀನಿ."

"ಇಸಗೋ. ಫೋನಿನ್ಯಾಗ ಹಾಕಿಲ್ಲ, ನೋಟು ಕೊಟ್ಟೀನಿ. ಯಾರೂ ಎಣಸೂದಿಲ್ಲ."

ಅಷ್ಟರಲ್ಲಿ ಫ್ಯಾಕ್ಟರಿಯ ಸೈರನ್ ಕೂಗಿತು. ಕಬ್ಬಿಣದ ಸದ್ದುಗಳು ಒಂದೊಂದಾಗಿ ನಿಂತವು. ಗಲ್ಲಿಯ ತುಂಬ ಚಪ್ಪಲಿಗಳ ಸದ್ದು. ಒಳಗೆ ಬಂದವನೊಬ್ಬ ಬೆಂಚಿನ ಮುಂದಿನ ಅವಳ ಖಾಲಿ ತಟ್ಟೆ ನೋಡಿ, "ಅವ್ವಾ, ಉಂಡಾತೇನ? ಜಾಗಾ ಬಿಡತೀಯೇನ?" ಎಂದ.

"ಬಿಡತೀನಪ್ಪಾ, ಕುಂಡ್ರು," ಎಂದು ಹನುಮವ್ವ ಅವನನ್ನು ದಾಟಿ ಬಾಗಿಲ ಕಡೆ ನಡೆದಳು.

"ಅಕ್ಕಾ, ರೊಟ್ಟಿ ಸಾಲೂದಿಲ್ಲ!" ಎಂದು ಮಹಾದೇವಿ ಒಳಗಿನಿಂದ ಕೂಗಿದಳು.

ಮಹಾನಂದಾ ಗಲ್ಲಾಕ್ಕೆ ಬೀಗ ಹಾಕಿ, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಖಾಲಿ ಹಲಗೆಯ ಮುಂದೆ ಕೂತಳು. ಅಲ್ಲಿಂದ ಅವಳಿಗೆ ಬಾಗಿಲು ಕಾಣುತ್ತಿರಲಿಲ್ಲ.